ಶುಶ್ರೂಷೆ ಎಂಬ ಮಾತು

ಶಬ್ದಗಳ ಬೆನ್ನು ಹತ್ತಿ ಹೋಗುವುದು ಭಾಷೆಯ ಪಾಠ ಹೇಳಿ ಹೊಟ್ಟೆ ಹೊರೆದವರ ಹಳೆಯ ಚಾಳಿ. ನಿವೃತ್ತನಾದ ಮೇಲೂ ಅದು ನನ್ನನ್ನು ಬಿಟ್ಟಿಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಈಚೆಗೆ ‘ಶುಶ್ರೂಷಾಧಿಕಾರಿ’ ಎಂಬ ಫಲಕಗಳು ಕಾಣಿಸಿಕೊಂಡಿವೆ. ದಾದಿ ಹೋಗಿ ನರ್ಸ್ ಬಂದು, ನರ್ಸ್ ಹೋಗಿ ಸಿಸ್ಟರ್ ಬಂದು, ಈಗ ಅಧಿಕಾರಿಯೇ ಬಂದರಲ್ಲ ಎಂದು ಕೆಲವರು ನಗುವುದನ್ನು ಕೇಳಿದ್ದೇನೆ. ಆ ಫಲಕದಲ್ಲಿರುವ ‘ಅಧಿಕಾರ’ವನ್ನು ಬಿಟ್ಟು ‘ಶುಶ್ರೂಷೆ’ಯನ್ನಷ್ಟೇ ತೆಗೆದುಕೊಂಡರೆ ಅದು ನಗುವ ಮಾತಲ್ಲ. ‘ಶ್ರು’ ಎಂದರೆ ಕೇಳು. ಅದರ ಸನ್ನಂತ ರೂಪದಿಂದ ಹುಟ್ಟಿದ್ದು ಶುಶ್ರೂಷಾ. ಎಂದರೆ, ಕೇಳಬೇಕೆಂಬ ಇಚ್ಛೆ. ಗುರುವಿನ ಮಾತನ್ನು ಕೇಳಬಯಸುವ ಶಿಷ್ಯ ಅವನ ಬಳಿಯಲ್ಲಿಯೇ ಇದ್ದು ಸೇವೆ ಮಾಡುತ್ತಾನಾದ್ದರಿಂದ ಆ ಮಾತಿಗೆ ಸೇವೆಯೆಂಬ ಅರ್ಥ ಬಂತು. ಅಲ್ಲಿಂದ ಅದು ರೋಗಿಯ ಹಾಸಿಗೆಯ ಬಳಿಗೆ ಬಂತು. ಅಚ್ಚಗನ್ನಡದ ‘ಆರೈಕೆ’ಯ ಕಥೆಯೂ ಇಂಥದ್ದೇ. ಹಳಗನ್ನಡದ ‘ಆರಯ್’ ಎಂಬುದಕ್ಕೆ ಪರಿಶೀಲಿಸಿ ನೋಡು, ವಿಚಾರಿಸು ಎಂದು ಅರ್ಥ. ಒಂದು ಮಾತು ಕಿವಿಯದು, ಇನ್ನೊಂದು ಕಣ್ಣಿನದು. ಮದ್ದು ಕುಡಿಸುವುದು, ಮೈ ಒರೆಸುವುದು ಎಂಬ ಅರ್ಥ ಎರಡರ ಮೂಲದಲ್ಲಿಯೂ ಇಲ್ಲ.

ನಾನು ವೈದ್ಯನಲ್ಲ. ಔಷಧಗಳ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗಿಲ್ಲ. ಆದರೆ ಹಾಸಿಗೆ ಹಿಡಿದವನ ಮನಸ್ಸಿನಲ್ಲಿ ಏನು ನಡೆಯುತ್ತದೆ, ಇನ್ನು ಗುಣವಾಗುವುದಿಲ್ಲ ಎಂದಾದ ಮೇಲೆ ಅವನಿಗೆ ಏನು ಬೇಕಾಗುತ್ತದೆ ಎಂಬ ಅರಿವಿಗೂ ಒಂದು ಇತಿಹಾಸವಿದೆ. ಆ ಅರಿವನ್ನು ಬಹುಮಟ್ಟಿಗೆ ಕಟ್ಟಿದವರು ದಾದಿಯರು. ಅದು ಕೇಳುವ ಇಚ್ಛೆಯ ಇತಿಹಾಸವಾದ್ದರಿಂದ, ಮಾತನ್ನೇ ನಂಬಿ ಬದುಕಿದ ನನ್ನಂಥವನಿಗೂ ಅದರಲ್ಲಿ ಸ್ವಲ್ಪ ಪ್ರವೇಶವಿದೆಯೆಂದು ಭಾವಿಸಿದ್ದೇನೆ.

ಕ್ರಿಮಿಯಾ ಯುದ್ಧದ ಗಾಯಾಳುಗಳ ನಡುವೆ ದೀಪ ಹಿಡಿದು ನಡೆದ ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯನ್ನು ನಾವೆಲ್ಲ ಶಾಲೆಯ ಪಾಠದಲ್ಲಿ ಕಂಡವರೇ. ಆ ದೀಪದ ಬೆಳಕಿನಲ್ಲಿ ಆಕೆಯ ಪುಸ್ತಕ ಮರೆಯಾಗಿಬಿಟ್ಟಿತು ಎನ್ನಬೇಕು. 1859ರ ಕೊನೆಯಲ್ಲಿ ಆಕೆ ಶುಶ್ರೂಷೆಯ ಬಗೆಗೆ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದಳು. ಅದು ದಾದಿಯರ ಪಠ್ಯವಲ್ಲ; ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳಬೇಕಾದ ಸಾಮಾನ್ಯ ಹೆಂಗಸರಿಗಾಗಿ ಬರೆದದ್ದು. ಗಾಳಿ, ಬೆಳಕು, ಶುಚಿತ್ವಗಳ ಮಾತು ಅದರಲ್ಲಿ ಬೇಕಾದಷ್ಟಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಕೆಲವು ಪುಟಗಳು. ರೋಗಿ ಮಲಗಿರುವ ಕೋಣೆಯಲ್ಲಿ ಪಿಸುಗುಟ್ಟುವುದು ಕ್ರೌರ್ಯವೆಂದು ಆಕೆ ಹೇಳುತ್ತಾಳೆ. ಅದು ತನ್ನ ವಿಷಯವೇ ಇರಬೇಕೆಂದು ರೋಗಿ ಕಿವಿ ನಿಮಿರಿಸಿಯೇ ನಿಮಿರಿಸುತ್ತಾನೆ. ಬಾಗಿಲ ಆಚೆ ನಿಂತು ವೈದ್ಯರೊಡನೆ ಅರೆದನಿಯಲ್ಲಿ ಮಾತನಾಡುವುದೂ ಹಾಗೆಯೇ. ರೋಗಿ ಕತ್ತು ಹೊರಳಿಸದೆ ನಿಮ್ಮನ್ನು ಕಾಣುವಂತೆ ಕುಳಿತುಕೊಳ್ಳಿ, ಹೊರಡುವ ಅವಸರವನ್ನು ತೋರಿಸಬೇಡಿ, ಹೊರಗೆ ಹೋಗುವಾಗ ಎಷ್ಟು ಹೊತ್ತಿಗೆ ಬರುತ್ತೇನೆಂಬುದನ್ನು ಹೇಳಿಹೋಗಿ ಎನ್ನುತ್ತಾಳೆ. ಏನಾಗುವುದೋ ಎಂಬ ಅಂಜಿಕೆ, ಅನಿಶ್ಚಯ, ಕಾಯುವಿಕೆ, ಇವು ದೇಹಶ್ರಮಕ್ಕಿಂತ ಹೆಚ್ಚಾಗಿ ರೋಗಿಯನ್ನು ಹಣ್ಣು ಮಾಡುತ್ತವೆ ಎಂಬುದು ಆಕೆಯ ಖಚಿತ ಅಭಿಪ್ರಾಯ. ನೋಡಲು ಬಂದವರು ಹಗುರವಾಗಿ ಆಡುವ ‘ಏನೂ ಆಗುವುದಿಲ್ಲ, ಬೇಗ ಎದ್ದು ಓಡಾಡುವಿರಿ’ ಎಂಬ ಬಗೆಯ ಸಮಾಧಾನದ ಮೇಲಂತೂ ಒಂದು ಅಧ್ಯಾಯವನ್ನೇ ಬರೆದು ಛೀಮಾರಿ ಹಾಕಿದ್ದಾಳೆ. 1857ರಿಂದ ಆಕೆಯೇ ದೀರ್ಘಕಾಲ ಹಾಸಿಗೆ ಹಿಡಿದಿದ್ದವಳು ಎಂಬುದನ್ನು ನೆನೆದರೆ ಆ ಸಿಟ್ಟು ಅರ್ಥವಾಗುತ್ತದೆ. ನಮ್ಮ ಊರುಗಳ ಆಸ್ಪತ್ರೆಯ ವಾರ್ಡುಗಳಲ್ಲಿ ಭಾನುವಾರ ಸಂಜೆ ಕಿತ್ತಳೆಹಣ್ಣು ಹಿಡಿದು ಬರುವ ನೆಂಟರ ಗುಂಪನ್ನು ಆಕೆ ನೋಡಿರಲಿಲ್ಲ. ನೋಡಿದ್ದರೆ ಇನ್ನೊಂದು ಅಧ್ಯಾಯ ಬರೆಯುತ್ತಿದ್ದಳು.

ಇದೆಲ್ಲ ಅನುಭವದ ಮಾತು. ಇದು ಶಾಸ್ತ್ರವಾಗುವುದಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 1936ರಲ್ಲಿ ಮಾಂಟ್ರಿಯಲ್ ನಗರದಲ್ಲಿದ್ದ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಲೇಖನವನ್ನು ಬರೆದ. ಇಲಿಗಳನ್ನು ಚಳಿಗೊಡ್ಡಿದರೂ, ಗಾಯಗೊಳಿಸಿದರೂ, ವಿಷವಿಕ್ಕಿದರೂ ಅವುಗಳ ದೇಹ ಒಂದೇ ಬಗೆಯಲ್ಲಿ ತತ್ತರಿಸುತ್ತದೆ: ಮೂತ್ರಪಿಂಡಗಳ ಮೇಲಿನ ಅಡ್ರಿನಲ್ ಗ್ರಂಥಿಗಳು ಊದಿಕೊಳ್ಳುತ್ತವೆ, ಜಠರದಲ್ಲಿ ಹುಣ್ಣಾಗುತ್ತದೆ. ಈ ತತ್ತರಿಕೆಗೇ ಮುಂದೆ ‘ಸ್ಟ್ರೆಸ್’ ಎಂಬ ಹೆಸರು ನಿಂತಿತು. ನಾವು ಒತ್ತಡ ಎನ್ನುತ್ತೇವೆ. ಮನಸ್ಸಿನ ಅಂಜಿಕೆಗೂ ದೇಹ ಹೀಗೆಯೇ ಸ್ಪಂದಿಸುತ್ತದೆ ಎಂಬುದು ತಿಳಿದಮೇಲೆ, ರೋಗಿಯ ಕಳವಳವನ್ನು ಬರಿಯ ಹೆಣ್ಣಿಗತನವೆಂದು ತಳ್ಳಿಹಾಕುವಂತಿರಲಿಲ್ಲ.

1964ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ಎಗ್ಬರ್ಟ್ ಎಂಬ ಅರಿವಳಿಕೆಯ ವೈದ್ಯರೂ ಅವರ ಸಂಗಡಿಗರೂ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದಿದ್ದ 97 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ಒಂದು ಗುಂಪಿನವರಿಗೆ ಮುಂಚೆಯೇ ಎಲ್ಲವನ್ನೂ ಬಿಡಿಸಿ ಹೇಳಲಾಯಿತು: ಎಲ್ಲಿ ನೋವಾಗುತ್ತದೆ, ಎಷ್ಟು ದಿನ ಇರುತ್ತದೆ, ಮಗ್ಗುಲಾಗುವಾಗ ಏನು ಮಾಡಬೇಕು. ಇನ್ನೊಂದು ಗುಂಪಿಗೆ ಇದನ್ನು ಹೇಳಲಿಲ್ಲ. ಯಾರು ಯಾವ ಗುಂಪಿನವರೆಂಬುದು ಶಸ್ತ್ರವೈದ್ಯರಿಗೆ ತಿಳಿಯದು. ಹೇಳಿಸಿಕೊಂಡವರಿಗೆ ನೋವಿನ ಮದ್ದು ಅರ್ಧದಷ್ಟೇ ಸಾಕಾಯಿತು. ಅವರು ಸರಾಸರಿ 2.7 ದಿನ ಮೊದಲೇ ಮನೆಗೆ ಹೋದರು. ಇಂಗ್ಲೆಂಡಿನಲ್ಲಿ 1975ರಲ್ಲಿ ಜ್ಯಾಕ್ ಹೇವರ್ಡ್, 1978ರಲ್ಲಿ ಜೆನಿಫರ್ ಬೋರ್, ಇಬ್ಬರೂ ಶುಶ್ರೂಷೆಯ ಕ್ಷೇತ್ರದವರು, ಈ ಜಾಡನ್ನೇ ಹಿಡಿದು ಮುಂದೆ ಹೋದರು. ವಿಷಯವನ್ನು ತಿಳಿಸುವುದೇ ನೋವಿಗೆ ಒಂದು ಔಷಧದ ಚೀಟಿ ಎಂಬರ್ಥದ ಹೆಸರನ್ನು ಹೇವರ್ಡ್ ತನ್ನ ಪುಸ್ತಕಕ್ಕೆ ಇಟ್ಟ. ಬೋರ್ ರೋಗಿಗಳ ಮೂತ್ರದಲ್ಲಿ ಅಡ್ರಿನಲ್ ಗ್ರಂಥಿಯ ರಸದ ಅಂಶವನ್ನು ಅಳೆದು, ಮುಂಚೆ ತಿಳಿಸಿದವರಲ್ಲಿ ಒತ್ತಡದ ಗುರುತು ಕಡಮೆಯೆಂಬುದನ್ನು ತೋರಿಸಿಕೊಟ್ಟಳು. ಅದೇ 1975ರಲ್ಲಿ ಅಮೆರಿಕದ ಬೆವರ್ಲಿ ವಾಲಿಸರ್, ಆಸ್ಪತ್ರೆಗೆ ಸೇರಿದವನನ್ನು ಕಾಡುವ 49 ಸಂಗತಿಗಳನ್ನು ರೋಗಿಗಳ ಕೈಯಲ್ಲಿಯೇ ಜೋಡಿಸಿಸಿ ಒಂದು ಅಳತೆಗೋಲನ್ನು ಸಿದ್ಧಪಡಿಸಿದಳು. ಅಪರಿಚಿತರು ಅದೇ ಕೋಣೆಯಲ್ಲಿ ಮಲಗುವುದು ಅದರ ಕೆಳಗಿನ ಮೆಟ್ಟಿಲು. ಕಣ್ಣು ಹೋಗಬಹುದೆಂಬ ಯೋಚನೆ ಮೇಲಿನದು. ತನಗೆ ಏನಾಗಿದೆಯೆಂಬುದನ್ನು ಯಾರೂ ಹೇಳದಿರುವುದೂ ಮೇಲಿನ ಮೆಟ್ಟಿಲುಗಳಲ್ಲಿಯೇ ಇದೆ. ಪಥ್ಯದ ಊಟ, ಪರಕೀಯ ಬಟ್ಟೆಗಳಂಥವುಗಳಿಗಿಂತ ಬಹಳ ಮೇಲೆ.

ಹಾಗಾದರೆ ಏಕೆ ಹೇಳುವುದಿಲ್ಲ? ಇದಕ್ಕೆ ಎರಡು ಉತ್ತರಗಳು ಸಿಕ್ಕಿವೆ. ಒಂದನ್ನು ಕೊಟ್ಟವಳು ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ. ಲಂಡನ್ನಿನ ದೊಡ್ಡ ಬೋಧನಾಸ್ಪತ್ರೆಯೊಂದರ ದಾದಿಯರ ನಡುವೆ ಕೆಲಸ ಮಾಡಿ 1959ರಲ್ಲಿ ಆಕೆ ಪ್ರಕಟಿಸಿದ ಲೇಖನ ಇಂದಿಗೂ ಓದಲು ತಕ್ಕದ್ದು. ನೋವು, ನರಳಾಟ, ಮರಣಗಳ ನಡುವೆ ದಿನವೂ ನಿಲ್ಲಬೇಕಾದ ಹದಿಹರೆಯದ ಹುಡುಗಿಯರು ತಮ್ಮ ಭಯವನ್ನು ತಾಳಿಕೊಳ್ಳುವುದಕ್ಕೆ ಆಸ್ಪತ್ರೆಯ ವ್ಯವಸ್ಥೆಯೇ ಒಂದು ಗೋಡೆಯನ್ನು ಕಟ್ಟಿಕೊಟ್ಟಿತ್ತು ಎಂಬುದು ಆಕೆಯ ವಾದ. ಒಬ್ಬ ರೋಗಿಯ ಎಲ್ಲ ಆರೈಕೆಯನ್ನೂ ಒಬ್ಬಳೇ ಮಾಡುವಂತಿಲ್ಲ. ಒಬ್ಬಳು ಎಲ್ಲರ ಜ್ವರ ನೋಡಬೇಕು, ಇನ್ನೊಬ್ಬಳು ಎಲ್ಲರ ಹಾಸಿಗೆ ಸರಿಮಾಡಬೇಕು. ರೋಗಿಗೆ ಹೆಸರಿಲ್ಲ, ಅವನು ಹತ್ತನೆಯ ಹಾಸಿಗೆಯ ಯಕೃತ್ತು. ಹೀಗೆ ಮಾಡಿದರೆ ಯಾರ ಮೇಲೂ ಮಮತೆ ಬೆಳೆಯುವುದಿಲ್ಲ, ಯಾರು ಸತ್ತರೂ ಎದೆ ಒಡೆಯುವುದಿಲ್ಲ. ಆದರೆ ಭಯ ಅದರಿಂದ ಕಡಮೆಯಾಗಲಿಲ್ಲ. ಒಳ್ಳೆಯ ಹುಡುಗಿಯರೇ ಕೆಲಸ ಬಿಟ್ಟು ಹೋಗುತ್ತಿದ್ದರು. ದಾದಿಯ ಗಡಸುತನವನ್ನು ನಾವು ಸ್ವಭಾವದೋಷವೆಂದು ಬಯ್ಯುತ್ತೇವೆ. ಅದು ಕಟ್ಟಿಸಿಕೊಟ್ಟ ಗೋಡೆ ಎಂಬುದು ಮೆಂಜೀಸಳ ಲೇಖನವನ್ನು ಓದುವವರೆಗೆ ನನಗೆ ಹೊಳೆದಿರಲಿಲ್ಲ.

ಇನ್ನೊಂದು ಉತ್ತರ ಬಂದದ್ದು ಸಾನ್‌ಫ್ರಾನ್ಸಿಸ್ಕೊ ಕಡೆಯ ಆಸ್ಪತ್ರೆಗಳಿಂದ. ಗ್ಲೇಸರ್ ಮತ್ತು ಸ್ಟ್ರಾಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರೂ, ಅವರೊಡನೆ ಜೀನ್ ಕ್ವಿಂಟ್ ಎಂಬ ದಾದಿಯೂ, ಸಾಯುತ್ತಿರುವವರ ಸುತ್ತ ಯಾರಿಗೆ ಎಷ್ಟು ತಿಳಿದಿರುತ್ತದೆ ಎಂಬುದನ್ನು ವರ್ಷಗಟ್ಟಲೆ ಗಮನಿಸಿದರು. 1965ರಲ್ಲಿ ಹೊರಬಂದ ಪುಸ್ತಕದಲ್ಲಿ ನಾಲ್ಕು ಸ್ಥಿತಿಗಳನ್ನು ವಿವರಿಸಿದ್ದಾರೆ. ರೋಗಿಗೆ ಏನೂ ತಿಳಿಯದಿರುವುದು ಒಂದು, ಸಂಶಯಪಡುವುದು ಇನ್ನೊಂದು, ಎಲ್ಲರೂ ಬಲ್ಲವರಾಗಿ ಬಿಚ್ಚುಮನಸ್ಸಿನಿಂದ ನಡೆದುಕೊಳ್ಳುವುದು ಕೊನೆಯದು. ಇವುಗಳ ನಡುವೆ ಮೂರನೆಯದೊಂದಿದೆ. ರೋಗಿಗೂ ಗೊತ್ತು, ಮನೆಯವರಿಗೂ ಗೊತ್ತು, ದಾದಿಗೂ ಗೊತ್ತು. ಆದರೂ ಎಲ್ಲರೂ ಗೊತ್ತಿಲ್ಲದವರಂತೆ ನಟಿಸುವುದು. ಈ ಪುಟಗಳನ್ನು ನಾನು ಮೊದಲ ಬಾರಿ ಓದಿದಾಗ ಪುಸ್ತಕವನ್ನು ಮುಚ್ಚಿಟ್ಟು ಹೊರಗೆ ಹೋಗಿ ಕುಳಿತೆ.

ಏಕೆಂದರೆ ಆ ನಾಟಕದಲ್ಲಿ ನಾನೂ ಪಾತ್ರ ವಹಿಸಿದ್ದೆ. ನಮ್ಮಣ್ಣ ಹಳ್ಳಿಯ ಮಾಧ್ಯಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದವರು. 1998ರಲ್ಲಿ ಅವರ ಹೊಟ್ಟೆಯಲ್ಲಿ ಗಂಟಾಗಿ, ಅದು ಇಂಥ ರೋಗವೆಂದು ವೈದ್ಯರು ನಮಗೆ ಹೇಳಿದರು. ಅವರಿಗೆ ಹೇಳಬೇಡಿರೆಂದು ನಾವು ವೈದ್ಯರಿಗೆ ಹೇಳಿದೆವು. ಹುಣ್ಣು ಎಂದೆವು. ಆಸ್ಪತ್ರೆಯ ಕಾಗದಗಳನ್ನು ಅತ್ತಿಗೆ ಸೀರೆಯ ಮಡಿಕೆಯೊಳಗೆ ಇಟ್ಟರು. ಅಣ್ಣನೂ ಹುಣ್ಣೆಂದೇ ಮಾತನಾಡಿದರು. ಬೇಸಗೆ ಕಳೆಯಲಿ, ಧರ್ಮಸ್ಥಳಕ್ಕೆ ಹೋಗೋಣ ಎಂದರು. ಕೊನೆಗೆ ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಯಲ್ಲಿ ಮಲಗಿಸಿದೆವು. ಅಲ್ಲಿ ರಾತ್ರಿಪಾಳಿಯಲ್ಲಿ ಒಬ್ಬ ನಡುವಯಸ್ಸಿನ ದಾದಿ ಇದ್ದರು. ಒಂದು ಬೆಳಿಗ್ಗೆ ಪಾಳಿ ಮುಗಿಸಿ ಹೋಗುವಾಗ ನನ್ನನ್ನು ಮೆಟ್ಟಿಲ ಬಳಿಗೆ ಕರೆದು, “ನಿಮ್ಮಣ್ಣನವರಿಗೆ ಎಲ್ಲಾ ಗೊತ್ತಿದೆ ಸಾರ್” ಎಂದರು. ಹಿಂದಿನ ರಾತ್ರಿ ಎರಡು ಗಂಟೆಗೆ ಅಣ್ಣ ಕಣ್ಣು ಬಿಟ್ಟುಕೊಂಡು ಮಲಗಿದ್ದರಂತೆ. ಈಕೆ ಸ್ಟೂಲು ಎಳೆದುಕೊಂಡು ಕುಳಿತು, “ಏನು ಯೋಚನೆ ಮೇಷ್ಟ್ರೇ?” ಎಂದು ಕೇಳಿದರಂತೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದು, “ನನಗೆ ಗೊತ್ತಾಗಿದೆ ಅಂತ ಇವರಿಗೆಲ್ಲ ಹೇಗೆ ಹೇಳಲಿ ಸಿಸ್ಟರ್, ತಡ್ಕೊಳ್ಳೋದಿಲ್ಲ” ಎಂದರಂತೆ.

ಅವರು ಹೇಳಬೇಕೆಂದಿದ್ದ ಸಂಗತಿಗಳು ದೊಡ್ಡವೇನಲ್ಲ. ಸಹೋದ್ಯೋಗಿಯೊಬ್ಬರ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದ್ದರು, ಅದು ಮನೆಯಲ್ಲಿ ಯಾರಿಗೂ ತಿಳಿಯದು. ತಂಗಿಯೊಡನೆ ಹತ್ತು ವರ್ಷಗಳಿಂದ ಮಾತಿರಲಿಲ್ಲ, ಅವಳು ಬರಬೇಕಿತ್ತು. ಬಂದಳು. ನಮಗೆ ಸಿಕ್ಕಿದ್ದು ನಾಲ್ಕು ದಿನ. ಆ ನಾಲ್ಕು ದಿನಗಳನ್ನು ನಮಗೆ ಕೊಟ್ಟದ್ದು ಒಂದು ಪ್ರಶ್ನೆ.

ಇನ್ನು ಸಿಸೆಲಿ ಸಾಂಡರ್ಸ್ ಎಂಬಾಕೆಯ ವಿಷಯಕ್ಕೆ ಬರುತ್ತೇನೆ. ಈ ಇತಿಹಾಸದಲ್ಲಿ ಒಬ್ಬರನ್ನೇ ಹೆಸರಿಸಬೇಕೆಂದರೆ ಈಕೆಯನ್ನೇ ಹೆಸರಿಸಬೇಕು. 1918ರಲ್ಲಿ ಲಂಡನ್ನಿನ ಹೊರವಲಯದ ಬಾರ್ನೆಟ್‌ನಲ್ಲಿ ಹುಟ್ಟಿದವಳು. ಆಕ್ಸ್‌ಫರ್ಡಿನ ಓದನ್ನು ಅರ್ಧಕ್ಕೆ ಬಿಟ್ಟು, ಯುದ್ಧಕಾಲದಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯ ನೈಟಿಂಗೇಲ್ ಶಾಲೆಯಲ್ಲಿ ದಾದಿಯಾಗಿ ತರಬೇತು ಪಡೆದಳು. ಬೆನ್ನುನೋವಿನಿಂದಾಗಿ ಆ ಕೆಲಸ ಮುಂದುವರಿಸಲಾಗದೆ ಆಸ್ಪತ್ರೆಯ ಸಮಾಜಸೇವಕಿಯಾದಳು. 1947ರಲ್ಲಿ ಡೇವಿಡ್ ಟಾಸ್ಮಾ ಎಂಬ ರೋಗಿ ಆಕೆಗೆ ಎದುರಾದ. ವಾರ್ಸಾದಿಂದ ಬಂದ ಯಹೂದಿ ನಿರಾಶ್ರಿತ, ಹೋಟೆಲಿನಲ್ಲಿ ಬಡಿಸುವ ಕೆಲಸದವನು, ನಲವತ್ತರ ಪ್ರಾಯ, ಗುಣವಾಗದ ಕ್ಯಾನ್ಸರ್, ಲಂಡನ್ನಿನಲ್ಲಿ ತನ್ನವರೆಂಬವರಿಲ್ಲ. ಗಲಾಟೆಯ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಮಲಗಿದ್ದ ಅವನ ಬಳಿ ಆಕೆ ಮತ್ತೆ ಮತ್ತೆ ಹೋಗಿ ಕುಳಿತಳು. ಬದುಕಿನಲ್ಲಿ ಏನನ್ನೂ ಮಾಡದೆ ಹೋಗುತ್ತಿದ್ದೇನಲ್ಲ ಎಂಬುದು ಅವನ ಸಂಕಟ. ಅದಕ್ಕೆ ಯಾವ ಗುಳಿಗೆಯೂ ಇರಲಿಲ್ಲ. ಇಂಥವರಿಗೆಂದೇ ಒಂದು ಮನೆ ಇದ್ದರೆ ಹೇಗಿರಬೇಕೆಂದು ಇಬ್ಬರೂ ಮಾತನಾಡಿಕೊಳ್ಳುತ್ತಿದ್ದರು. 1948ರ ಫೆಬ್ರವರಿಯಲ್ಲಿ ಅವನು ತೀರಿಕೊಂಡ. ತನ್ನಲ್ಲಿದ್ದ 500 ಪೌಂಡುಗಳನ್ನು, ನಿನ್ನ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂದು ಹೇಳಿ, ಆಕೆಗೆ ಬಿಟ್ಟುಹೋದ. ಕಿಟಕಿಯ ಸುತ್ತ ಮನೆಯನ್ನು ಕಟ್ಟುವುದಕ್ಕೆ ಆಕೆಗೆ ಹತ್ತೊಂಬತ್ತು ವರ್ಷ ಹಿಡಿಯಿತು.

ಆ ವರ್ಷಗಳಲ್ಲಿ ಆಕೆ ಮಾಡಿದ್ದು ಕೇಳುವ ಕೆಲಸ. ಸಂಜೆ ಹೊತ್ತು ಸೇಂಟ್ ಲ್ಯೂಕ್ಸ್ ಎಂಬ ಧರ್ಮಾಸ್ಪತ್ರೆಗೆ ಸ್ವಯಂಸೇವಕಿಯಾಗಿ ಹೋಗುತ್ತಿದ್ದಳು. ಅಲ್ಲಿನ ದಾದಿಯರು ಒಂದು ರೂಢಿಯನ್ನಿಟ್ಟುಕೊಂಡಿದ್ದರು: ನೋವಿನ ಮದ್ದನ್ನು ರೋಗಿ ನರಳಿ ಬೇಡಿದ ಮೇಲೆ ಕೊಡುವುದಲ್ಲ, ಗಡಿಯಾರ ನೋಡಿ ಹೊತ್ತುಹೊತ್ತಿಗೆ ಬಾಯಿಂದಲೇ ಕುಡಿಸುವುದು. ದೊಡ್ಡ ಆಸ್ಪತ್ರೆಗಳಲ್ಲಿ ಹೀಗಿರಲಿಲ್ಲ. ಅಲ್ಲಿ ರೋಗಿ ಮೊದಲು ನೋವನ್ನು ಸಂಪಾದಿಸಬೇಕು, ಆಮೇಲೆ ಗಂಟೆ ಬಾರಿಸಬೇಕು, ಆಮೇಲೆ ಕಾಯಬೇಕು. ಕಾಯುವಾಗಿನ ಹೆದರಿಕೆ ನೋವನ್ನು ಇಮ್ಮಡಿಸುತ್ತದೆ. ಇಮ್ಮಡಿಸಿದ ನೋವಿಗೆ ಇಮ್ಮಡಿ ಮದ್ದು ಬೇಕಾಗುತ್ತದೆ. ಇವನಿಗೆ ಚಟ ಹಿಡಿಯಿತೆಂದು ವೈದ್ಯರು ಗೊಣಗುತ್ತಾರೆ. ಮಾರ್ಫೀನಿನ ಬಲ ನಾಲ್ಕು ಗಂಟೆಯ ಹೊತ್ತಿಗೆ ಇಳಿಯುವುದಾದರೆ ಇಳಿಯುವ ಮೊದಲೇ ಮುಂದಿನ ಗುಟುಕನ್ನು ಕೊಟ್ಟರಾಯಿತು. ಇಷ್ಟು ಸರಳವಾದ ಸಂಗತಿ. ಆದರೆ ದಾದಿಯೋ ಸಮಾಜಸೇವಕಿಯೋ ಹೇಳಿದರೆ ಅದನ್ನು ವೈದ್ಯರು ಕೇಳುವವರಲ್ಲ ಎಂದು ಆಕೆಯ ಹಿತೈಷಿಯಾದ ಶಸ್ತ್ರವೈದ್ಯರೊಬ್ಬರು ಎಚ್ಚರಿಸಿದರು. ಕೇಳಬೇಕಾದರೆ ನೀನೇ ವೈದ್ಯಳಾಗು ಎಂದರು. ಮೂವತ್ತಮೂರರ ವಯಸ್ಸಿನಲ್ಲಿ ಆಕೆ ವೈದ್ಯಕೀಯ ಕಾಲೇಜಿಗೆ ಸೇರಿ 1957ರಲ್ಲಿ ತೇರ್ಗಡೆಯಾದಳು.

ಮರುವರ್ಷದಿಂದ ಹ್ಯಾಕ್ನಿಯ ಸೇಂಟ್ ಜೋಸೆಫ್ ಆಶ್ರಮದಲ್ಲಿ, ಐರ್ಲೆಂಡಿನ ಸಂನ್ಯಾಸಿನಿಯರು 1905ರಲ್ಲಿ ತೆರೆದಿದ್ದ ಮನೆಯಲ್ಲಿ, ಆ ವಿಧಾನವನ್ನು ಶಾಸ್ತ್ರೀಯವಾಗಿ ಪ್ರಯೋಗಿಸಿ, ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ದಾಖಲಿಸಿದಳು. ಕೆಲವರ ಮಾತನ್ನು ಧ್ವನಿಸುರುಳಿಯಲ್ಲಿ ಹಿಡಿದಿಟ್ಟಳು. ನೋವೆಲ್ಲಿ ಎಂದು ಕೇಳಿದಾಗ ಒಬ್ಬ ಹೆಂಗಸು ಬೆನ್ನಿನಿಂದ ಶುರುಮಾಡಿ, ಗಂಡನ ಮಗನ ಕಷ್ಟ, ದುಡ್ಡಿನ ಚಿಂತೆ, ಯಾರಿಗೂ ತನ್ನ ಮಾತು ತಿಳಿಯುವುದಿಲ್ಲವೆಂಬ ಕೊರಗು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳಂತೆ. ದೇಹ, ಮನಸ್ಸು, ಸಂಸಾರ, ಆತ್ಮ ಇವುಗಳ ನೋವು ಬೇರೆಬೇರೆಯಾಗಿ ಬರುವುದಿಲ್ಲ, ಒಟ್ಟಾಗಿ ಬರುತ್ತದೆ ಎಂಬ ಸಾಂಡರ್ಸಳ ‘ಸಮಗ್ರ ನೋವಿ’ನ ಕಲ್ಪನೆ ಇಂಥ ಮಾತುಗಳಿಂದ ಹುಟ್ಟಿತು. 1967ರ ಜುಲೈಯಲ್ಲಿ ದಕ್ಷಿಣ ಲಂಡನ್ನಿನ ಸಿಡನ್‌ಹ್ಯಾಮ್‌ನಲ್ಲಿ 54 ಹಾಸಿಗೆಗಳ ಸೇಂಟ್ ಕ್ರಿಸ್ಟೋಫರ್ಸ್ ತೆರೆಯಿತು. ಟಾಸ್ಮಾನ ಕಿಟಕಿ ಅಲ್ಲಿದೆ. 2005ರಲ್ಲಿ ಸಾಂಡರ್ಸ್ ಕಣ್ಣುಮುಚ್ಚಿದ್ದೂ ಅದೇ ಮನೆಯಲ್ಲಿ. ಆಕೆಯ ಭಾಷಣವನ್ನು 1963ರಲ್ಲಿ ಕೇಳಿದ ಯೇಲ್ ವಿಶ್ವವಿದ್ಯಾಲಯದ ಶುಶ್ರೂಷಾ ಶಾಲೆಯ ಡೀನ್ ಫ್ಲಾರೆನ್ಸ್ ವಾಲ್ಡ್ ಪದವಿಯನ್ನು ಬಿಟ್ಟು ಈ ದಾರಿಗೆ ಬಂದಳು. 1974ರಲ್ಲಿ ಕನೆಕ್ಟಿಕಟ್‌ನಲ್ಲಿ ಅಮೆರಿಕದ ಮೊದಲ ಇಂಥ ಸಂಸ್ಥೆ ಪ್ರಾರಂಭವಾಯಿತು.

ಗುಣಪಡಿಸಲಾಗದಾಗ ಉಪಶಮನಗೊಳಿಸುವ ಈ ಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ‘ಪ್ಯಾಲಿಯೇಟಿವ್’ ಎನ್ನುತ್ತಾರೆ. ಲ್ಯಾಟಿನ್ನಿನ ‘ಪಾಲಿಯಮ್’ ಎಂದರೆ ಹೊದಿಕೆ, ಮೇಲುವಸ್ತ್ರ. ಈ ವ್ಯುತ್ಪತ್ತಿ ಕಣ್ಣಿಗೆ ಬಿದ್ದಾಗ ನನಗೆ ವಡ್ಡಾರಾಧನೆ ನೆನಪಾಯಿತು. ಶಿವಕೋಟ್ಯಾಚಾರ್ಯನದೆಂದು ಹೇಳಲಾಗುವ ಈ ಹತ್ತೊಂಬತ್ತು ಕಥೆಗಳ ಗ್ರಂಥ ನಮಗೆ ದೊರೆತಿರುವ ಕನ್ನಡ ಗದ್ಯಕಥೆಗಳಲ್ಲಿ ಅತ್ಯಂತ ಹಳೆಯದೆಂಬುದನ್ನು ಬಲ್ಲೆವು. ಆ ಕಥೆಗಳು ಯಾರಿಗಾಗಿ ಎಂಬುದನ್ನು ತರಗತಿಯಲ್ಲಿ ನಾವು ಹೇಳುವುದು ಕಡಮೆ. ಅವು ಪ್ರಾಕೃತದ ಭಗವತೀ ಆರಾಧನೆಯ ‘ಕವಚ’ ಎಂಬ ಅಧಿಕಾರದಲ್ಲಿ ಬರುವ ಗಾಹೆಗಳ ವಿಸ್ತಾರ. ಸಲ್ಲೇಖನ ಹಿಡಿದು ಮಲಗಿದವನು ಹಸಿವು ಬಾಯಾರಿಕೆ ವೇದನೆಗಳಿಂದ ಕಂಗೆಟ್ಟಾಗ, ಬಾಣ ನಾಟದಂತೆ ಯೋಧನಿಗೆ ತೊಡಿಸುವ ಕವಚದಂತೆ, ಅವನಿಗೆ ಹೇಳಬೇಕಾದ ಮಾತುಗಳವು. ಒಂದು ನಾಡಿನವರು ಹೊದಿಕೆಯೆಂದರು, ಇನ್ನೊಂದು ನಾಡಿನವರು ಕವಚವೆಂದರು.

ಅದೇ ಗ್ರಂಥ, ಮಲಗಿದವನ ಸುತ್ತ ನಿರ್ಯಾಪಕರೆಂಬ ನಾಲ್ವತ್ತೆಂಟು ಮುನಿಗಳಿರಬೇಕೆಂದು ಹೇಳಿ ಅವರ ಕೆಲಸವನ್ನು ನಾಲ್ವರು ನಾಲ್ವರಿಗೆ ಹಂಚುತ್ತದೆ. ನಾಲ್ವರು ಅವನ ಮೈಹಿಡಿದು ಮಗ್ಗುಲು ಬದಲಿಸಬೇಕು, ನಾಲ್ವರು ಧರ್ಮಕಥೆ ಹೇಳಬೇಕು, ನಾಲ್ವರು ಮಲಮೂತ್ರಗಳನ್ನು ತೆಗೆದು ಸ್ಥಳವನ್ನು ಶುದ್ಧಿಮಾಡಬೇಕು, ನಾಲ್ವರು ರಾತ್ರಿ ಎಚ್ಚರವಿರಬೇಕು, ನಾಲ್ವರು ಬಾಗಿಲಲ್ಲಿ ನಿಂತು ಯಾರನ್ನು ಒಳಗೆ ಬಿಡಬೇಕು ಯಾರನ್ನು ಬಿಡಬಾರದೆಂದು ನೋಡಿಕೊಳ್ಳಬೇಕು. ಅಷ್ಟು ಜನ ಸಿಗದಿದ್ದರೆ ಇಬ್ಬರಾದರೂ ಬೇಕೇ ಬೇಕು, ಒಬ್ಬನೇ ಇರಕೂಡದು. ಅವರು ಮಲಗಿರುವವನ ಇಂಗಿತವನ್ನು ಅರಿಯಬಲ್ಲವರಾಗಿರಬೇಕು. ಸಲ್ಲೇಖನ ವ್ರತ, ಆಸ್ಪತ್ರೆಯ ಆರೈಕೆ ವ್ರತವಲ್ಲ. ಎರಡನ್ನೂ ಒಂದೇ ಎಂದು ಸಾಧಿಸಹೊರಟರೆ ಎರಡಕ್ಕೂ ಅನ್ಯಾಯ. ಆದರೆ ರಾತ್ರಿ ಎಚ್ಚರವಿರುವವನು ಬೇರೆ, ಬಾಗಿಲು ಕಾಯುವವನು ಬೇರೆ ಎಂದು ಇಷ್ಟು ಬಿಡಿಸಿ ಬರೆದವರು ಸಾಯುವವನ ಬಳಿ ನಿಜವಾಗಿ ಕುಳಿತಿದ್ದವರೇ ಆಗಿರಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ಚರಕನೂ ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಪರಿಚಾರಕನನ್ನು ಒಂದಾಗಿ ಎಣಿಸಿ, ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವಗಳನ್ನು ಅವನ ಗುಣಗಳಾಗಿ ಹೇಳಿದ್ದಾನೆ.

ಹೀಗೆ ಬರೆದಿಟ್ಟ ನಾಡಿನಲ್ಲಿಯೇ ನೋವಿನ ಮದ್ದಿಗೆ ಬರಗಾಲ ಬಂದುದು ವಿಪರ್ಯಾಸ. ಪರವಾನಗಿ ಪಡೆದು ಅಫೀಮನ್ನು ಬೆಳೆದು ಹೊರದೇಶಗಳ ಔಷಧ ಕಾರ್ಖಾನೆಗಳಿಗೆ ಕಳುಹಿಸಿದ ದೇಶ ನಮ್ಮದು. 1985ರ ಮಾದಕವಸ್ತುಗಳ ಕಾಯ್ದೆ ಬಂದಮೇಲೆ, ಒಂದು ಸೀಸೆ ಮಾರ್ಫೀನಿಗೆ ಹಲವು ಇಲಾಖೆಗಳ ಪರವಾನಗಿ ಬೇಕಾಗಿ, ತಪ್ಪಿದರೆ ಜೈಲೆಂದು ಹೆದರಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. ಕಳ್ಳಸಾಗಣೆಗಾರನಿಗೆ ಬೀಸಿದ ಬಲೆ ಕ್ಯಾನ್ಸರ್ ರೋಗಿಯ ಮೇಲೆ ಬಿತ್ತು. ಆ ಕಾಯ್ದೆಯ ತಿದ್ದುಪಡಿಯಾದದ್ದು 2014ರಲ್ಲಿ. ಈ ನಡುವೆ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ ಸದನ, 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಕಟ್ಟಿದ ಸಂಘ, ಬೆಂಗಳೂರಿನಲ್ಲಿ 1994ರಲ್ಲಿ ವಿಶ್ವಸ್ತ ಸಂಸ್ಥೆಯಾಗಿ ಸ್ಥಾಪಿತವಾಗಿ 1999ರಲ್ಲಿ ತನ್ನದೇ ಕಟ್ಟಡಕ್ಕೆ ಬಂದ ಕರುಣಾಶ್ರಯ, ಇವು ದಾರಿ ತೋರಿಸಿದವು. ಕರುಣಾಶ್ರಯದಲ್ಲಿ ಆರೈಕೆಗೆ ಹಣ ತೆಗೆದುಕೊಳ್ಳುವುದಿಲ್ಲ. ಕೇರಳದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೆರೆಹೊರೆಯವರಿಗೇ ತರಬೇತು ಕೊಟ್ಟು ಮನೆಮನೆಗೆ ಕಳುಹಿಸಿದರು. 2008ರಲ್ಲಿ ಅಲ್ಲಿನ ಸರ್ಕಾರ ಅದನ್ನು ನೀತಿಯಾಗಿ ಅಂಗೀಕರಿಸಿತು.

ಇಲ್ಲಿ ಒಬ್ಬ ಕನ್ನಡಿತಿಯ ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ಹೊನ್ನಾವರದ ಬಳಿಯ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. 1973ರ ನವೆಂಬರ್ 27ರಂದು ಅಲ್ಲಿನ ನೌಕರನೊಬ್ಬನ ಅಮಾನುಷ ಆಕ್ರಮಣಕ್ಕೆ ಸಿಕ್ಕಿ, ಮೆದುಳಿಗೆ ಪೆಟ್ಟಾಗಿ, ಇಪ್ಪತ್ತೈದರ ಪ್ರಾಯದಲ್ಲಿ ಮಾತು ಚಲನೆಗಳನ್ನು ಕಳೆದುಕೊಂಡರು. ಅಂದಿನಿಂದ 2015ರ ಮೇ 18ರವರೆಗೆ, ನಾಲ್ವತ್ತೊಂದು ವರ್ಷಕ್ಕೂ ಹೆಚ್ಚು ಕಾಲ, ಆ ಆಸ್ಪತ್ರೆಯ ದಾದಿಯರು ಅವರನ್ನು ನೋಡಿಕೊಂಡರು. ಮೊದಲು ನೋಡಿಕೊಂಡವರು ನಿವೃತ್ತರಾದರು; ಆಕ್ರಮಣ ನಡೆದಾಗ ಹುಟ್ಟಿಯೇ ಇರದಿದ್ದವರು ಆ ಕೆಲಸಕ್ಕೆ ಬಂದರು. ಅಷ್ಟು ವರ್ಷ ಮಲಗಿದ್ದ ಮೈಯಲ್ಲಿ ಹಾಸಿಗೆಹುಣ್ಣು ಇರಲಿಲ್ಲ. ಈ ಒಂದು ವಾಕ್ಯದ ಹಿಂದೆ ಎಷ್ಟು ಸಾವಿರ ಸಲ ಮಗ್ಗುಲು ಬದಲಿಸಿದ ಕೈಗಳಿವೆಯೆಂಬುದನ್ನು, ಮನೆಯಲ್ಲಿ ಒಂದು ತಿಂಗಳು ಹಾಸಿಗೆ ಹಿಡಿದವರನ್ನು ನೋಡಿಕೊಂಡವರು ಊಹಿಸಬಲ್ಲರು. ಮೀನಿನ ಊಟ, ಕೋಳಿಯ ಸಾರು ಇಷ್ಟವೆಂಬುದನ್ನು ಅವರ ಮುಖದ ನಗೆಯಿಂದ ದಾದಿಯರು ತಿಳಿದಿದ್ದರು. ಕೋಣೆಯಲ್ಲಿ ಜನ ಹೆಚ್ಚಾದರೆ ಅವರು ಸದ್ದು ಮಾಡುತ್ತಾರೆಂಬುದನ್ನೂ ಬಲ್ಲವರಾಗಿದ್ದರು. ಮಾತೇ ಇಲ್ಲದವರ ಮಾತನ್ನು ಕೇಳುವುದು ಹೀಗೆ. ಅವರಿಗೆ ಆಹಾರವನ್ನು ನಿಲ್ಲಿಸಿ ಬಿಡುಗಡೆ ಕೊಡಬೇಕೆಂದು ಹೊರಗಿನವರೊಬ್ಬರು ತಂದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಅವರ ಪರವಾಗಿ ಮಾತನಾಡುವ ಹಕ್ಕು ಆ ಆಸ್ಪತ್ರೆಯ ಸಿಬ್ಬಂದಿಯದೆಂದು ನ್ಯಾಯಾಧೀಶರು ಹೇಳಿದರು. ಅದೇ ತೀರ್ಪು, ಗುಣವಾಗುವ ಆಸೆಯಿಲ್ಲದಲ್ಲಿ ಜೀವರಕ್ಷಕ ಚಿಕಿತ್ಸೆಯನ್ನು ನಿಯಮಬದ್ಧವಾಗಿ ಹಿಂತೆಗೆಯುವ ಬಾಗಿಲನ್ನೂ ತೆರೆಯಿತು. 2018ರಲ್ಲಿ ಆ ಹಕ್ಕು ಸ್ಥಿರಪಟ್ಟು, 2023ರಲ್ಲಿ ವಿಧಾನ ಸರಳಗೊಂಡು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೊಳಿಸುವ ಆದೇಶವನ್ನು ಹೊರಡಿಸಿತು. ಅರ್ಜಿದಾರರ ಕರುಣೆಯೂ ಕರುಣೆಯೇ, ದಾದಿಯರದೂ ಕರುಣೆಯೇ. ಯಾವುದು ಹೆಚ್ಚಿನದೆಂದು ತೂಗುವ ತಕ್ಕಡಿ ನನ್ನಲ್ಲಿಲ್ಲ.

ಕೊನೆಯ ಗಳಿಗೆಗಳ ವಿಷಯದಲ್ಲಿ ದಾದಿಯರಿಂದ ಕಲಿತ ಒಂದೆರಡು ಸಂಗತಿಗಳನ್ನು ಹೇಳುತ್ತೇನೆ. ಸಾವು ಹತ್ತಿರವಾದಂತೆ ಹಸಿವು ಬಾಯಾರಿಕೆಗಳು ಕಡಮೆಯಾಗುತ್ತವೆ, ಉಣ್ಣಲೊಲ್ಲರೆಂದು ಬಲವಂತಮಾಡಬಾರದು. ಬಾಯಿ ಒಣಗುವುದೇ ದೊಡ್ಡ ಬಾಧೆ. ನಾವು ತುಳಸಿಯ ನೀರನ್ನು ಬಾಯಿಗೆ ಬಿಡುತ್ತೇವಲ್ಲ, ಆ ಸಂಪ್ರದಾಯದ ಹಿಂದೆ ಈ ಅರಿವು ಇದ್ದೀತು. ಆದರೆ ನುಂಗುವ ಶಕ್ತಿ ಹೋದಮೇಲೆ ಚಮಚದಿಂದ ಸುರಿದರೆ ಅದು ಉಸಿರಿನ ದಾರಿಗೆ ಹೋಗುತ್ತದೆ. ಒದ್ದೆ ಬಟ್ಟೆಯಿಂದ ತುಟಿ ನಾಲಗೆಗಳನ್ನು ಮತ್ತೆಮತ್ತೆ ತೇವಗೊಳಿಸುವುದು ಸರಿಯಾದ ಕ್ರಮ. ಗಂಟಲಲ್ಲಿ ಗೊರಗೊರ ಸದ್ದಾಗುವುದು ನೋಡುವವರ ಕರುಳನ್ನು ಕಿವುಚುತ್ತದೆ. ಮಲಗಿರುವವರಿಗೆ ಅದರಿಂದ ಹೆಚ್ಚಿನ ಬಾಧೆಯಿಲ್ಲವೆನ್ನುತ್ತಾರೆ, ಮಗ್ಗುಲಿಗೆ ಹೊರಳಿಸಿದರೆ ಅದು ತಗ್ಗುತ್ತದೆ. ಇನ್ನೊಂದು, ಪ್ರಜ್ಞೆ ತಪ್ಪಿದವರ ಬಳಿಯಲ್ಲಿಯೂ ಮಾತನಾಡುತ್ತಿರಿ ಎಂದು ದಾದಿಯರು ಬಹುಕಾಲದಿಂದ ಹೇಳುತ್ತ ಬಂದಿದ್ದರು. ಕೆನಡಾದ ವ್ಯಾಂಕೂವರಿನ ಒಂದು ಹಾಸ್ಪಿಸ್‌ನಲ್ಲಿ, ಸಾವಿಗೆ ಕೆಲವೇ ಗಂಟೆಗಳಿದ್ದು ಯಾವುದಕ್ಕೂ ಸ್ಪಂದಿಸದಿದ್ದ ರೋಗಿಗಳ ಮೆದುಳಿನ ವಿದ್ಯುತ್ತರಂಗಗಳನ್ನು ಅಳೆದು, ಅವರಲ್ಲಿ ಕೆಲವರ ಮೆದುಳು ಸದ್ದಿನ ವ್ಯತ್ಯಾಸಕ್ಕೆ ಇನ್ನೂ ಎಚ್ಚರಗೊಳ್ಳುತ್ತದೆಂದು 2020ರಲ್ಲಿ ಸಂಶೋಧಕರು ಪ್ರಕಟಿಸಿದರು. ಅವರಿಗೆ ಅರ್ಥವಾಗುತ್ತದೆಯೆಂದು ಇದರಿಂದ ಸಿದ್ಧವಾಗುವುದಿಲ್ಲ, ಕಿವಿಗೆ ಬೀಳುತ್ತದೆಯೆಂಬುದಷ್ಟೇ.

1998ರಲ್ಲಿ ಈ ಸಂಶೋಧನೆ ಇರಲಿಲ್ಲ. ನಾಲ್ಕನೆಯ ದಿನ ಅಣ್ಣ ಕಣ್ಣು ತೆರೆಯದಾದಾಗ ಆ ದಾದಿ ಬಂದು, “ಸುಮ್ಮನೆ ಕೂತಿರಬೇಡಿ ಸಾರ್, ಏನಾದರೂ ಮಾತಾಡಿ, ಕೇಳಿಸುತ್ತೆ” ಎಂದರು. ಅಷ್ಟು ಹೊತ್ತಿಗೆ ಹತ್ತು ಹದಿನೈದು ವರ್ಷ ತರಗತಿಯಲ್ಲಿ ನಿಂತು ಮಾತನಾಡಿದ್ದವನಿಗೆ ಒಂದು ಮಾತೂ ಹೊಳೆಯಲಿಲ್ಲ. ಕಿಟಕಿಯ ಮೇಲೆ ಅಂದಿನ ದಿನಪತ್ರಿಕೆ ಇತ್ತು. ಅಣ್ಣನಿಗೆ ಊರಲ್ಲಿ ಒಂದು ಎಕರೆ ತೋಟ. ಪತ್ರಿಕೆಯ ಒಳಪುಟವನ್ನು ಮಡಿಚಿ ಹಿಡಿದು ಅಡಕೆಯ ಧಾರಣೆಯನ್ನು ಗಟ್ಟಿಯಾಗಿ ಓದಿದೆ: ಮೊದಲು ಶಿವಮೊಗ್ಗದ್ದು, ಆಮೇಲೆ ಸಾಗರದ್ದು, ಆಮೇಲೆ ಶಿರಸಿಯದು.

(ಬಾನುಲಿ ಭಾಷಣ)